ಫ್ಯೂಸ್ ನನ್ನ ಜೇಬಲ್ಲಿ

ನಮ್ಮ ಭಾವನ ಕಾಲಿಗೆ ಕರೆಂಟು ಕೊಡುತ್ತಾರೆ ಎಂಬ ಸುದ್ದಿಯನ್ನು ಅಕ್ಕ ನನಗೆ ಹೇಳಿದ್ದು ಆಸ್ಪತ್ರೆಯ ಮೆಟ್ಟಿಲ ಮೇಲೆ, ಕೈಯಲ್ಲಿ ಟೀ ಲೋಟ ಹಿಡಿದುಕೊಂಡು, ಬಟ್ಟೆ ಇಸ್ತ್ರಿಗೆ ಕೊಟ್ಟು ಬಂದೆ ಎನ್ನುವಷ್ಟು ಸಲೀಸಾಗಿ. ಸಹಿ ಹಾಕಿಯೂ ಆಗಿತ್ತಂತೆ. ನಾನು ಟೀ ಕುಡಿಯುವುದು ಬಿಟ್ಟು ಅವಳ ಮುಖವನ್ನೇ ನೋಡಿದೆ. ಮೂವತ್ತು ವರ್ಷ ಲೈನ್‌ಮನ್ ಹೆಂಡತಿಯಾಗಿ ಬಾಳಿದವಳು, ಒದ್ದೆ ಕೈಯಲ್ಲಿ ಸ್ವಿಚ್ ಮುಟ್ಟಿದ ಮಕ್ಕಳಿಗೆ ಎರಡು ಬಾರಿಸದೆ ಬಿಡದವಳು, ಗಂಡನ ಮೈಗೆ ಕರೆಂಟು ಬಿಡಿ ಎಂದು ಬರೆದುಕೊಟ್ಟು ಬಂದಿದ್ದಳು.

ಭಾವ ಆಸ್ಪತ್ರೆ ಸೇರಿದ್ದು ಕಂಬದಿಂದ ಬಿದ್ದಲ್ಲ, ಶಾಕ್ ಹೊಡೆದೂ ಅಲ್ಲ. ಜ್ವರ ಎಂದು ಮಲಗಿದವರು ಎರಡೇ ದಿನದಲ್ಲಿ ಉಸಿರಿಗೆ ಪರದಾಡುವ ಹಾಗಾದರು. ಎರಡೂ ಶ್ವಾಸಕೋಶದಲ್ಲಿ ಸೋಂಕು ತುಂಬಿದೆ ಎಂದು ಐಸಿಯುಗೆ ಹಾಕಿ, ಬಾಯಿಗೆ ಕೊಳವೆ ಇಳಿಸಿ, ಉಸಿರಾಟದ ಯಂತ್ರಕ್ಕೆ ಜೋಡಿಸಿದರು. ಯಂತ್ರದ ಜೊತೆ ಗುದ್ದಾಡಬಾರದು ಎಂದು ನಿದ್ದೆಯ ಔಷಧಿ ಬೇರೆ. ಜೀವ ಉಳಿಯುತ್ತದೋ ಇಲ್ಲವೋ ಎನ್ನುವ ಚಿಂತೆಯಲ್ಲಿ ನಾವಿದ್ದರೆ, ಆಸ್ಪತ್ರೆಯವರಿಗೆ ಕಾಲಿನ ಚಿಂತೆ ಹತ್ತಿತ್ತು.

ನನ್ನ ಸ್ವಭಾವ ಮೊದಲೇ ಹೇಳಿಬಿಡುತ್ತೇನೆ. ಆಫೀಸಿನಲ್ಲಿ ನನಗೆ ಟೆಸ್ಟರ್ ಎಂದೇ ಹೆಸರು. ಯಾರೇ ಏನೇ ಹೇಳಲಿ, ಎರಡೆರಡು ಸಲ ಪರೀಕ್ಷೆ ಮಾಡದೆ ನಂಬುವವನಲ್ಲ. ಮದುವೆ ಊಟಕ್ಕೆ ಕೂತಾಗಲೂ ಉಪ್ಪು ಎಂದು ಬಡಿಸಿದ್ದನ್ನು ನಾಲಿಗೆಗೆ ಹಚ್ಚಿ ನೋಡುತ್ತೇನೆ ಎಂದು ಹೆಂಡತಿ ನಗುತ್ತಾಳೆ. ನಗಲಿ. ಈ ಗುಮಾನಿ ನನಗೆ ಹುಟ್ಟಿನಿಂದ ಬಂದದ್ದಲ್ಲ, ಅದಕ್ಕೊಂದು ದಿನ ಇದೆ. ಅದನ್ನೂ ಹೇಳುತ್ತೇನೆ.

ಭಾವನಿಗೂ ನನಗೂ ಎರಡು ನಂಟು. ಮನೆಯಲ್ಲಿ ಅವರು ಅಕ್ಕನ ಗಂಡ. ಕೆಲಸದಲ್ಲಿ ಅವರು ಮೇಲಿನವರು, ನಾನು ಕೆಳಗಿನವನು. ಎಂದರೆ, ಕಂಬ ಹತ್ತುವವರು ಅವರು. ಟ್ರಾನ್ಸ್‌ಫಾರ್ಮರ್ ಪೆಟ್ಟಿಗೆಯಿಂದ ಮೂರು ಪಿಂಗಾಣಿ ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡು ಕಂಬದ ಬುಡದಲ್ಲಿ ನಿಲ್ಲುವವನು ನಾನು. ಫ್ಯೂಸ್ ಕಿತ್ತು ಪಕ್ಕದಲ್ಲಿಟ್ಟರೆ ಸಾಲದು, ಜೇಬಿನಲ್ಲೇ ಇರಬೇಕು. ಹೊರಗಿಟ್ಟರೆ ಅವಸರದವನು ಯಾವನಾದರೂ ಬಂದು ಸಿಕ್ಕಿಸಿಬಿಡುತ್ತಾನೆ. ಮೇಲೆ ಹೋದವರು ತಂತಿ ಮುಟ್ಟುವ ಮೊದಲು ಕೂಗಿ ಕೇಳುತ್ತಾರೆ, "ಫ್ಯೂಸ್ ಎಲ್ಲಿ?" ಕೆಳಗಿನವನು ಜೇಬು ತಟ್ಟಿ ಹೇಳಬೇಕು, "ನನ್ನ ಜೇಬಲ್ಲಿ." ಕೆಲಸ ಮುಗಿಸಿ ಇಳಿದು, ಎರಡೂ ಕಾಲು ನೆಲಕ್ಕೆ ತಾಗಿದ ಮೇಲೆ ಅವರು "ಬಿಡು" ಎನ್ನುತ್ತಾರೆ. ಆಮೇಲೆ ಕರೆಂಟು. ಇಪ್ಪತ್ತೆರಡು ವರ್ಷ ನಮ್ಮಿಬ್ಬರ ನಡುವೆ ಇಷ್ಟೇ ಮಾತು, ಉಳಿದದ್ದೆಲ್ಲ ಹರಟೆ.

ಇಂಥ ನನ್ನ ಮುಂದೆ ಮರುದಿನ ಮಧ್ಯಾಹ್ನ ಮೂರು ಗಂಟೆಗೆ ಕರೆಂಟಮ್ಮ ಬಂದಳು. ಹೆಸರು ನಾನಿಟ್ಟಿದ್ದು. ಅವಳು ಫಿಸಿಯೋಥೆರಪಿ ಮಾಡುವವಳು, ವಯಸ್ಸು ನನ್ನ ಮಗಳಷ್ಟು, ಅಂಗೈಗಿಂತ ಸ್ವಲ್ಪ ದೊಡ್ಡದಾದ ಒಂದು ಯಂತ್ರವನ್ನು ಕೊರಳಿಗೆ ತೂಗಿಹಾಕಿಕೊಂಡು ಬಂದಿದ್ದಳು. ಮೂರರಿಂದ ನಾಲ್ಕರವರೆಗೆ ಮನೆಯವರಲ್ಲಿ ಒಬ್ಬರು ಹಾಸಿಗೆಯ ಪಕ್ಕ ಕೂರಬಹುದು. ಅಕ್ಕನಿಗೆ ಆ ಕೊಳವೆಗಳನ್ನು ನೋಡಿದರೆ ತಲೆ ಸುತ್ತುತ್ತಿತ್ತು, ಹಾಗಾಗಿ ಆ ಒಂದು ಗಂಟೆ ನನ್ನ ಪಾಲಿಗೆ ಬಂದಿತ್ತು.

ಅವಳು ಹೊದಿಕೆ ಸರಿಸಿ ಭಾವನ ಎರಡೂ ತೊಡೆಗಳಿಗೆ ಅಂಟಿನ ಪಟ್ಟಿಗಳನ್ನು ಹಚ್ಚಿದಳು. ಎಡಗಾಲಿಗೆ ಎರಡು, ಬಲಗಾಲಿಗೆ ಎರಡು. ಯಂತ್ರಕ್ಕೆ ಎರಡು ಗುಂಡಿ, ಒಂದೊಂದು ಕಾಲಿಗೆ ಒಂದೊಂದು. ನನ್ನ ಮುಖ ನೋಡಿಯೇ ಇರಬೇಕು, ಕೇಳದಿದ್ದರೂ ವಿವರಿಸಿದಳು. ಅಲ್ಲಾಡದೆ ಮಲಗಿದವರ ಮಾಂಸಖಂಡ ಮೊದಲ ವಾರದಿಂದಲೇ ಕರಗಲು ಶುರುವಾಗುತ್ತದಂತೆ. ಉಸಿರನ್ನು ಗೆದ್ದು ಎದ್ದವರು ಕೂಡ ಎಷ್ಟೋ ಮಂದಿ ಕಾಲೆತ್ತಲಾರದೆ ತಿಂಗಳುಗಟ್ಟಲೆ ಹಾಸಿಗೆ ಹಿಡಿಯುತ್ತಾರಂತೆ. ಅವರು ನಿದ್ದೆಯಲ್ಲಿರುವಾಗಲೇ ಸಣ್ಣ ಕರೆಂಟು ಕೊಟ್ಟು ಖಂಡವನ್ನು ದುಡಿಸಿದರೆ ಸ್ವಲ್ಪವಾದರೂ ಉಳಿಯಬಹುದು ಎಂದಳು. ಈ 'ಉಳಿಯಬಹುದು' ನನ್ನ ಕಿವಿಗೆ ಚುಚ್ಚಿತು. ಉಳಿಯುತ್ತದೆ ಎಂದು ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಎಲ್ಲರಿಗೂ ಒಂದೇ ರೀತಿ ಫಲ ಕೊಡುವುದಿಲ್ಲ, ಸುಳ್ಳು ಹೇಳಲಾರೆ ಎಂದಳು. ಪ್ರಯೋಗ ಎಂದು ಬಾಯಿಬಿಟ್ಟು ಹೇಳುವ ಬದಲು ಹೀಗೆ ಸುತ್ತಿಬಳಸಿ ಹೇಳುತ್ತಿದ್ದಾಳೆ ಎಂದುಕೊಂಡೆ.

ಗುಂಡಿ ತಿರುಗಿಸಿದಳು. ಎಡತೊಡೆ ಬಿಗಿಯಿತು, ಸಡಿಲವಾಯಿತು, ಮತ್ತೆ ಬಿಗಿಯಿತು. ಆಮೇಲೆ ಬಲಗಾಲಿನದನ್ನು ತಿರುಗಿಸಿದಳು.

ಬಲತೊಡೆಯ ಮೇಲೆ, ಮಂಡಿಗಿಂತ ಒಂದು ಗೇಣು ಮೇಲೆ, ಅಂಗೈಯಷ್ಟು ಅಗಲದ ಸುಟ್ಟ ಕಲೆ ಇದೆ. ಚರ್ಮ ಅಲ್ಲಿ ನಯವಾಗಿ, ಬೆಳ್ಳಗೆ, ಸುಕ್ಕುಗಟ್ಟಿದೆ. ಕರೆಂಟು ಬಂದ ತಕ್ಷಣ ಆ ಕಲೆ ಹಾರಿತು. ನಾನು ಕುರ್ಚಿಯಿಂದ ಎದ್ದು ನಿಂತಿದ್ದೇ ನನಗೆ ಗೊತ್ತಾಗಲಿಲ್ಲ.

ಆ ಕಲೆ ನಾನು ಮಾಡಿದ್ದು. ಹದಿನಾಲ್ಕು ವರ್ಷದ ಹಿಂದೆ ಒಂದು ಮಧ್ಯಾಹ್ನ, ನನ್ನ ಜೇಬಿನ ಹೊಲಿಗೆ ಬಿಟ್ಟಿತ್ತು. ಮೂರೂ ಫ್ಯೂಸನ್ನು ಪೆಟ್ಟಿಗೆಯ ತಲೆಯ ಮೇಲಿಟ್ಟು, ಎದುರುಗಡೆ ನಲ್ಲಿಯಲ್ಲಿ ನೀರು ಕುಡಿಯಲು ಹೋದೆ. ಮೇಲಿನಿಂದ ಭಾವ "ಫ್ಯೂಸ್ ಎಲ್ಲಿ?" ಎಂದರು. ಬಾಯಿ ಅಭ್ಯಾಸದ ಮೇಲೆ "ನನ್ನ ಜೇಬಲ್ಲಿ" ಎಂದಿತು. ಹಿಟ್ಟಿನ ಗಿರಣಿಯವನು ಎಷ್ಟು ಹೊತ್ತಿನಿಂದ ಕಾಯುತ್ತಿದ್ದನೋ, ಕೆಲಸ ಮುಗಿಯಿತು ಎಂದುಕೊಂಡು ಒಂದನ್ನು ಎತ್ತಿ ಸಿಕ್ಕಿಸಿಬಿಟ್ಟ. ಕೈಯಿಂದ ಹೊಕ್ಕ ಕರೆಂಟು, ಕಬ್ಬಿಣದ ಅಡ್ಡಪಟ್ಟಿಗೆ ಒರಗಿದ್ದ ಬಲತೊಡೆಯಿಂದ ಹೊರಟಿತು. ಸೊಂಟದ ಹಗ್ಗ ಇದ್ದದ್ದರಿಂದ ಕೆಳಗೆ ಬೀಳಲಿಲ್ಲ. ವಿಚಾರಣೆಯಲ್ಲಿ ಭಾವ, 'ಫ್ಯೂಸ್ ಎಲ್ಲಿ ಎಂದು ಕೇಳದೆ ಮುಟ್ಟಿದೆ, ತಪ್ಪು ನನ್ನದೇ' ಎಂದು ಬರೆದುಕೊಟ್ಟರು. ಅಕ್ಕನಿಗೂ ಅದನ್ನೇ ಹೇಳಿದರು. ಆ ವಿಷಯ ನನ್ನ ಹತ್ತಿರ ಒಂದು ದಿನವೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಅವತ್ತಿನಿಂದ ನಾನು ಟೆಸ್ಟರ್ ಆದೆ.

ಈಗ ಅದೇ ಕಾಲು ನನ್ನ ಕಣ್ಣೆದುರಿಗೆ ಹಾರುತ್ತಿತ್ತು. ಯಂತ್ರ ನಿಲ್ಲಿಸಿ ಎಂದೆ. ಕರೆಂಟಮ್ಮ ಗಾಬರಿಯಾಗಲಿಲ್ಲ. ನಿಮಗೂ ಒಂದು ಸಲ ಹಚ್ಚುತ್ತೇನೆ, ಆಗ ಭಯ ಹೋಗುತ್ತದೆ ಎಂದು ಬೇರೆ ಎರಡು ಪಟ್ಟಿ ತೆಗೆದು ನನ್ನ ಮುಂಗೈಗೆ ಅಂಟಿಸಿದಳು. ಮೊದಲು ಇರುವೆ ಹರಿದಂತಾಯಿತು. ಆಮೇಲೆ ನನ್ನ ಬೆರಳುಗಳು ನನ್ನನ್ನು ಕೇಳದೆ ಮಡಚಿಕೊಂಡವು. ಬಿಚ್ಚಲು ನೋಡಿದೆ, ಬಿಚ್ಚಲಾಗಲಿಲ್ಲ. ಎರಡೇ ಕ್ಷಣ. ಅವಳು ನಗುತ್ತಾ, ನೋಡಿದ್ರಾ, ನೋವೇ ಇಲ್ಲ ಎಂದಳು. ಪಾಪ, ಅವಳಿಗೇನು ಗೊತ್ತು. ನಮ್ಮ ಕಸುಬಿನಲ್ಲಿ ಕೈ ತಾನಾಗಿ ಮುಚ್ಚಿಕೊಂಡಿತು ಎಂದರೆ ತಂತಿ ಹಿಡಿದುಕೊಂಡಿತು ಎಂದೇ ಅರ್ಥ. ನೋವಿಗಲ್ಲ ನಾವು ಹೆದರುವುದು. ಕೈ ಬಿಡದೆ ಇರುವುದಕ್ಕೆ ಹೆದರುತ್ತೇವೆ.

ಅಲ್ಲಿಂದ ನನ್ನ ಪತ್ತೇದಾರಿಕೆ ಶುರುವಾಯಿತು. ಆ ಕೋಣೆಯಲ್ಲಿ ನಾಲ್ಕು ಹಾಸಿಗೆ ಇದ್ದವು. ಭಾವನಿಗೆ ಮಾತ್ರ ಈ ಕರೆಂಟು ಯಾಕೆ? ಕರೆಂಟಮ್ಮನನ್ನು ಕೇಳಿದೆ. ಒಬ್ಬರ ಎದೆಯಲ್ಲಿ ಪೇಸ್‌ಮೇಕರ್ ಇದೆ, ಅಂಥವರಿಗೆ ಕೊಡುವುದಿಲ್ಲ. ಇನ್ನೊಬ್ಬರ ತೊಡೆಯ ಮೂಳೆ ಮುರಿದಿದೆ. ಮೂರನೆಯವರು ಎದ್ದು ಕೂರುತ್ತಿದ್ದಾರೆ, ಅವರಿಗೆ ವ್ಯಾಯಾಮವೇ ಸಾಕು ಎಂದಳು. ನಾನು ಅಷ್ಟಕ್ಕೇ ಬಿಡುತ್ತೇನೆಯೇ? ಹೊರಗಿನ ಬೆಂಚಿನಲ್ಲಿ ಪೇಸ್‌ಮೇಕರ್‌ನವರ ಮಗಳನ್ನು ಮಾತಿಗೆಳೆದು ವಿಚಾರಿಸಿದೆ. ನಿಜವೇ ಆಗಿತ್ತು. ಮೂಳೆಯದೂ ನಿಜ. ಅದರಿಂದ ನನ್ನ ಗುಮಾನಿ ಇಳಿಯಲಿಲ್ಲ. ಎಲ್ಲ ಪ್ರಶ್ನೆಗೂ ಉತ್ತರ ಸಿದ್ಧ ಮಾಡಿಟ್ಟುಕೊಂಡಿದ್ದಾಳಲ್ಲ ಎಂದು ಇನ್ನಷ್ಟು ಏರಿತು.

ಮರುದಿನ ಜೇಬಿನಲ್ಲಿ ಟೆಸ್ಟರ್ ಇಟ್ಟುಕೊಂಡು ಹೋದೆ. ಕರೆಂಟಮ್ಮ ಪಟ್ಟಿ ಹಚ್ಚಿ, ಗುಂಡಿ ತಿರುಗಿಸಿ, ಪರದೆಯ ಆಚೆಗಿನ ಹಾಸಿಗೆಗೆ ಹೋದಳು. ಒಂದೊಂದು ಸರದಿಗೆ ಐವತ್ತು ನಿಮಿಷ; ಮೊದಲಿಗೂ ಕೊನೆಗೂ ಅವಳು ಪಕ್ಕದಲ್ಲಿರುತ್ತಿದ್ದಳು, ನಡುವೆ ಆಚೆಯವರ ಕೈಕಾಲು ಆಡಿಸುತ್ತಿದ್ದಳು. ನಾನು ಬಗ್ಗಿ ಪಟ್ಟಿಯ ತುದಿಯ ಲೋಹಕ್ಕೆ ಟೆಸ್ಟರ್ ತಾಗಿಸಿದೆ. ದೀಪ ಹತ್ತಲಿಲ್ಲ. ಟೆಸ್ಟರ್ ಪ್ರಕಾರ ಅಲ್ಲಿ ಕರೆಂಟೇ ಇಲ್ಲ, ಕಾಲು ನೋಡಿದರೆ ಹಾರುತ್ತಿದೆ. ಬ್ಯಾಟರಿಯ ಯಂತ್ರಕ್ಕೆ ಆ ಟೆಸ್ಟರ್ ಹತ್ತುವುದಿಲ್ಲ ಎನ್ನುವುದು ನನಗೆ ಗೊತ್ತಿಲ್ಲದ ವಿಷಯವೇನಲ್ಲ. ಆದರೆ ತಲೆಗೆ ಹುಳ ಬಿಟ್ಟುಕೊಂಡವನಿಗೆ ಗೊತ್ತಿದ್ದದ್ದೂ ಮರೆಯುತ್ತದೆ. ಅಷ್ಟರಲ್ಲಿ ನರ್ಸ್ ಬಂದು, ಸ್ಕ್ರೂಡ್ರೈವರ್ ಇಟ್ಟುಕೊಂಡು ಏನು ಬಿಚ್ಚುತ್ತಿದ್ದೀರಿ ಎಂದು ಗದರಿಸಿದಳು. ಕನ್ನಡಕದ ತಿರುಪು ಸಡಿಲವಾಗಿತ್ತು ಎಂದೆ. ನಾನು ಕನ್ನಡಕ ಹಾಕುವುದಿಲ್ಲ.

ನರ್ಸ್ ಹೋದ ಮೇಲೆ ಭಾವನ ಮುಖ ನೋಡಿದೆ. ಕಣ್ಣು ಮುಚ್ಚಿದೆ, ಬಾಯಲ್ಲಿ ಕೊಳವೆ. ಕೇಳಲಾರರು. ಮೈಯೊಳಗೆ ಕರೆಂಟು ಹರಿಯುತ್ತಿದೆ, ಫ್ಯೂಸ್ ಎಲ್ಲಿ ಎಂದು ಕೇಳುವ ಶಕ್ತಿಯೂ ಅವರಿಗಿಲ್ಲ. ಕೆಳಗಿನವನು ನಾನು ಪಕ್ಕದಲ್ಲೇ ಕೂತಿದ್ದೇನೆ. ಕೈ ನೀಡಿ ಬಲಗಾಲಿನ ಗುಂಡಿಯನ್ನು ಟಕ್ ಟಕ್ ಎಂದು ಸೊನ್ನೆಗೆ ಇಳಿಸಿದೆ. ಕಲೆ ತಣ್ಣಗೆ ಮಲಗಿತು. ಎಡಗಾಲು ತನ್ನ ಪಾಡಿಗೆ ಹಾರುತ್ತಿತ್ತು. ಅದನ್ನು ಮುಟ್ಟಲಿಲ್ಲ. ಪೂರ್ತಿ ನಿಲ್ಲಿಸಿದರೆ ಸಿಕ್ಕಿಬೀಳುತ್ತೇನೆ ಎಂಬ ಲೆಕ್ಕಾಚಾರವೂ ಇತ್ತು, ಎಡಗಾಲಿನ ಋಣ ನನ್ನ ಮೇಲಿರಲಿಲ್ಲ ಎನ್ನುವುದೂ ಇತ್ತು.

ಅವಳು ಇಟ್ಟಿದ್ದ ಅಂಕಿ ಇಪ್ಪತ್ನಾಲ್ಕು. ಅವಳ ಚಪ್ಪಲಿಯ ಸದ್ದು ಕೇಳುವ ಹೊತ್ತಿಗೆ ಮತ್ತೆ ಇಪ್ಪತ್ನಾಲ್ಕಕ್ಕೆ ಏರಿಸಿ, ಕೈ ಕಟ್ಟಿ ಕೂತಿದ್ದೆ. ಬಲಗಾಲಿಗೆ ಮೊದಲು ಒಂದು ನಿಮಿಷ, ಕೊನೆಗೊಂದು ನಿಮಿಷ, ಅಷ್ಟೇ ಕರೆಂಟು.

ಹೀಗೆ ಒಂಬತ್ತು ದಿನ. ಪ್ರತಿ ಮಧ್ಯಾಹ್ನ ಬಂದು, ಗುಂಡಿ ಇಳಿಸಿ, ಭಾವನ ಕೈ ಹಿಡಿದು ಪಿಸುಗುಡುತ್ತಿದ್ದೆ, ಫ್ಯೂಸ್ ನನ್ನ ಜೇಬಲ್ಲಿದೆ ಭಾವ, ಆರಾಮಾಗಿರಿ ಎಂದು. ನಿಜ ಹೇಳಬೇಕೆಂದರೆ ಹದಿನಾಲ್ಕು ವರ್ಷದಲ್ಲಿ ಅಷ್ಟು ಹಗುರವಾಗಿ ನಾನು ಎಂದೂ ಮನೆಗೆ ಹೋಗಿರಲಿಲ್ಲ. ಅಕ್ಕನ ಮುಂದೆ ಬಾಯಿ ಬಿಡಲಿಲ್ಲ. ಕಾಲು ಹೇಗಿದೆಯೋ ಎಂದು ಅವಳು ಕೇಳಿದರೆ, ಕಾಲಿಗೇನು, ಚೆನ್ನಾಗಿದೆ ಎನ್ನುತ್ತಿದ್ದೆ.

ಐದನೆಯ ದಿನದಿಂದ ಕರೆಂಟಮ್ಮನ ಹಣೆಯಲ್ಲಿ ಗೆರೆ ಮೂಡತೊಡಗಿತು. ಬಲಗಾಲು ಮೊದಲಿನಷ್ಟು ಬಿಗಿಯುತ್ತಿಲ್ಲ ಎಂದು ತನ್ನಲ್ಲೇ ಹೇಳಿಕೊಂಡಳು. ಇಪ್ಪತ್ತೆಂಟಕ್ಕೆ ಏರಿಸಿದಳು, ಎರಡು ದಿನ ಬಿಟ್ಟು ಮೂವತ್ತೆರಡಕ್ಕೆ. ಪಟ್ಟಿಗಳನ್ನು ಬದಲಾಯಿಸಿದಳು, ತಂತಿ ಬದಲಾಯಿಸಿದಳು, ಬೇರೆ ಯಂತ್ರವನ್ನೇ ತಂದಳು. ನನ್ನನ್ನೂ ಓರೆಗಣ್ಣಿನಿಂದ ನೋಡಿದಳೋ ಏನೋ, ಕಳ್ಳನ ಮನಸ್ಸಿಗೆ ಹಾಗನ್ನಿಸಿತು. ಎಂಟನೆಯ ದಿನ ಟೇಪು ತಂದು ಎರಡೂ ತೊಡೆಯ ಸುತ್ತಳತೆ ತೆಗೆದು ಚೀಟಿಯಲ್ಲಿ ಬರೆದುಕೊಂಡಳು. ಏನು ಬರೆದಿರಿ ಎಂದು ಕೇಳಿದೆ. ಬಲಗಾಲು ಎರಡು ಸೆಂಟಿಮೀಟರ್ ಸಣ್ಣದಾಗಿದೆ ಎಂದಳು. ನೋಡಿ, ಕರೆಂಟು ಕಾಲನ್ನು ತಿನ್ನುತ್ತಿದೆ ಎಂದು ಹೇಳಲು ಬಾಯಿ ತೆರೆದವನು ಹಾಗೇ ಮುಚ್ಚಿದೆ. ಬಲಗಾಲಿಗೆ ನಾನು ಕರೆಂಟೇ ಕೊಡಿಸಿರಲಿಲ್ಲವಲ್ಲ. ಕರೆಂಟು ತಿಂದ ಕಾಲು ಗಟ್ಟಿಯಾಗಿಯೇ ಇತ್ತು.

ಅವತ್ತು ಮನೆಗೆ ಹೋಗುವಾಗ ಬಸ್ಸಿನಲ್ಲಿ ಸ್ಟಾಪ್ ತಪ್ಪಿಸಿಕೊಂಡೆ. ಎರಡು ಸೆಂಟಿಮೀಟರ್ ಏನು ಮಹಾ, ಟೇಪು ಎಳೆದಂತೆ ಅಳತೆ ಬರುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಗುಮಾನಿಯವನಿಗೆ ಇದೊಂದು ಅನುಕೂಲ, ತನಗೆ ಬೇಡವಾದದ್ದನ್ನೆಲ್ಲ ಅನುಮಾನದ ಖಾತೆಗೆ ಹಾಕಿ ಹಾಯಾಗಿರಬಹುದು. ಮರುದಿನವೂ ಗುಂಡಿ ಇಳಿಸಿದೆ. ಆದರೆ ಅವತ್ತು ಫ್ಯೂಸಿನ ಮಾತು ಬಾಯಿಂದ ಬರಲಿಲ್ಲ.

ಅದರ ಮರುದಿನ ನಿದ್ದೆಯ ಔಷಧಿ ಕಡಿಮೆ ಮಾಡಿದರು. ಭಾವ ಕಣ್ಣು ಬಿಟ್ಟರು. ಕೊಳವೆ ಇನ್ನೂ ಬಾಯಲ್ಲಿತ್ತು, ಮಾತಿಲ್ಲ. ನನ್ನನ್ನು ಗುರುತಿಸಿದರು, ಹುಬ್ಬು ಏರಿಸಿದರು. ನಾನು ಮೂಲೆಗೆ ಹೋಗಿ ಅತ್ತುಬಿಟ್ಟೆ, ನಾಚಿಕೆಯೇನಿಲ್ಲ. ದೊಡ್ಡ ಡಾಕ್ಟರು ಬಂದು ಕೈ ಹಿಸುಕಿ ಎಂದರು, ಹಿಸುಕಿದರು. ಎಡಗಾಲು ಎತ್ತಿ ಎಂದರು. ಹಿಮ್ಮಡಿ ಹಾಸಿಗೆಯಿಂದ ನಾಲ್ಕು ಬೆರಳು ಮೇಲೆದ್ದಿತು. ಕರೆಂಟಮ್ಮ ಚಪ್ಪಾಳೆ ತಟ್ಟಿದಳು. ಬಲಗಾಲು ಎತ್ತಿ ಎಂದರು.

ಭಾವನ ಹಣೆಯ ನರ ಉಬ್ಬಿತು, ಯಂತ್ರ ಕೂಗಿಕೊಂಡಿತು, ಕಾಲು ಮಾತ್ರ ಅಲ್ಲಾಡಲಿಲ್ಲ. ಕಲೆಯ ಸುತ್ತ ಚರ್ಮ ಸ್ವಲ್ಪ ಅದುರಿತು, ಅಷ್ಟೇ. ಅವರು ನನ್ನ ಕಡೆ ನೋಡಿದರು. ಕಂಬದ ಮೇಲಿನಿಂದ ಏನಾದರೂ ಬೇಕಾದಾಗ ನೋಡುವ ಹಾಗೆಯೇ ನೋಡಿದರು.

ಡಾಕ್ಟರು ಮತ್ತು ಕರೆಂಟಮ್ಮ ಬಾಗಿಲ ಬಳಿ ತಗ್ಗಿದ ದನಿಯಲ್ಲಿ ಮಾತಾಡಿಕೊಂಡರು. ನನ್ನ ಕಿವಿ ಆ ಕಡೆಗೇ ಇತ್ತು. ಎರಡೂ ಕಾಲಿಗೆ ಒಂದೇ ಸಮ ಕೊಟ್ಟಿದ್ದೇನೆ, ಆದರೂ ಒಂದೇ ಕಡೆ ಇಷ್ಟು ಸೋತಿದೆ ಎಂದರೆ ಮೆದುಳಿನಲ್ಲೋ ಬೆನ್ನುಹುರಿಯಲ್ಲೋ ಏನೋ ಆಗಿರಬೇಕು ಎಂದಳು ಅವಳು. ಡಾಕ್ಟರು ತಲೆಯಾಡಿಸಿದರು. ಕೆಳಗಿನ ಮಹಡಿಗೆ ಒಯ್ದು ಸ್ಕ್ಯಾನ್ ಮಾಡಿಸಬೇಕು. ಅಷ್ಟು ಹೊತ್ತು ಅಲ್ಲಾಡದೆ ಇರಬೇಕಾದ್ದರಿಂದ ಮತ್ತೆ ನಿದ್ದೆ ಮಾಡಿಸಬೇಕು. ಈ ಸ್ಥಿತಿಯಲ್ಲಿ ಸಾಗಿಸುವುದು ಅಪಾಯವೇ, ಆದರೆ ಬೇರೆ ದಾರಿಯಿಲ್ಲ ಎಂದರು. ನಾಲ್ಕು ಗಂಟೆಗೆ ಒಯ್ಯುವುದು ಎಂದಾಯಿತು. ಗಡಿಯಾರ ನೋಡಿದೆ, ಮೂರೂ ಇಪ್ಪತ್ತು.

ಅಕ್ಕ ಹೊರಗಿನ ಬೆಂಚಿನಲ್ಲಿ ಕೂತಿದ್ದಳು. ಭಾವ ಕಣ್ಣು ಬಿಟ್ಟ ಸುದ್ದಿ ಕೇಳಿ ಅವಳ ಮುಖ ಎಷ್ಟೋ ದಿನದ ಮೇಲೆ ಅರಳಿತ್ತು. ಅವಳನ್ನು ದಾಟಿ ನೀರಿನ ನಲ್ಲಿಯವರೆಗೆ ಹೋದೆ, ಕುಡಿಯಲಾಗಲಿಲ್ಲ, ವಾಪಸು ಬಂದೆ. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಹದಿನಾಲ್ಕು ವರ್ಷದ ಹಿಂದೆಯೂ ಗೊತ್ತಾಗಿರಲಿಲ್ಲ. ನಾಲ್ಕು ಗಂಟೆಗೆ ಆ ಮನುಷ್ಯನನ್ನು ಮತ್ತೆ ಮಲಗಿಸಿ, ಯಂತ್ರ ಕಳಚಿ, ಕೈಪಂಪಿನಲ್ಲಿ ಉಸಿರು ಕೊಡುತ್ತಾ ಲಿಫ್ಟಿನಲ್ಲಿ ಇಳಿಸುತ್ತಾರೆ, ಇಲ್ಲದ ರೋಗವನ್ನು ಹುಡುಕಲು. ದಾರಿಯಲ್ಲಿ ಏನಾದರೂ ಆದರೆ, ಅದನ್ನೂ ಅವರ ಹಣೆಬರಹ ಎಂದು ಬರೆದು ಮುಗಿಸುತ್ತಾರೆ.

ಕರೆಂಟಮ್ಮ ತಂತಿ ಸುತ್ತಿಕೊಳ್ಳುತ್ತಿದ್ದಳು. ಅವಳ ಮುಂದೆ ನಿಂತೆ.

"ಮೇಡಂ, ಬಲಗಾಲಿಗೆ ಕರೆಂಟ್ ಹೋಗಿಲ್ಲ. ದಿನಾ ನಾನೇ ಗುಂಡಿ ಇಳಿಸ್ತಿದ್ದೆ. ನೀವು ಬರೋ ಹೊತ್ತಿಗೆ ಏರಿಸಿ ಇಡ್ತಿದ್ದೆ."

ಅವಳ ಕೈಯಲ್ಲಿದ್ದ ತಂತಿ ಜಾರಿ ನೆಲಕ್ಕೆ ಬಿತ್ತು.

"ಎಷ್ಟು ದಿನ?"

"ಒಂಬತ್ತು."

ಅವಳು ಕೂಗಾಡಿದ್ದರೆ ಚೆನ್ನಾಗಿತ್ತು. ಚೀಟಿ ತೆಗೆದು ತಾನು ಬರೆದ ಅಂಕಿಗಳನ್ನು ಮೇಲಿಂದ ಕೆಳಗೆ ನೋಡಿದಳು, ಇಪ್ಪತ್ನಾಲ್ಕು, ಇಪ್ಪತ್ತೆಂಟು, ಮೂವತ್ತೆರಡು. "ನಾನು ನನ್ನ ಕೈಯನ್ನೇ ಅನುಮಾನ ಪಟ್ಟೆ," ಎಂದಳು. "ಬೇಡ ಅನ್ನಿಸಿದ್ರೆ ಹೇಳ್ಬೇಕಿತ್ತು. ಬೇಡ ಅನ್ನೋ ಹಕ್ಕು ನಿಮಗಿತ್ತಲ್ಲ." ಕಣ್ಣಲ್ಲಿ ನೀರು ತುಂಬಿಕೊಂಡು ಡಾಕ್ಟರ ಕೋಣೆಗೆ ಹೋದಳು. ಅಷ್ಟು ದಿನ ನಾನು ಕಳ್ಳಿಯ ಹಾಗೆ ಕಂಡ ಹುಡುಗಿ ಅವಳು.

ಡಾಕ್ಟರು ಉಗಿದದ್ದನ್ನು ಇಲ್ಲಿ ಬರೆಯುವುದಿಲ್ಲ, ಅದಕ್ಕೆ ನಾನು ಅರ್ಹನೇ. ಸ್ಕ್ಯಾನನ್ನು ಎರಡು ದಿನ ಮುಂದಕ್ಕೆ ಹಾಕಿದರು, ಹಾಸಿಗೆಯಲ್ಲೇ ನರದ ಪರೀಕ್ಷೆ ಮಾಡಿದರು. ನರ ಸರಿಯಾಗಿತ್ತು, ಖಂಡ ಸೋತಿತ್ತು; ಸ್ಕ್ಯಾನ್ ಬೇಕಾಗಲಿಲ್ಲ. ನಿಮ್ಮಿಂದಲೇ ಹೀಗಾಯಿತು ಎಂದು ನಾನು ಖಚಿತವಾಗಿ ಹೇಳಲಾರೆ, ಹಳೆಯ ಗಾಯದ ಕಾಲು ಮೊದಲೇ ಸ್ವಲ್ಪ ಸೋತಿದ್ದಿರಬಹುದು ಎಂದು ಕೂಡ ಅವರು ಹೇಳಿದರು. ಹಾಗೆ ನೋಡಿದರೂ ಅದು ತಿರುಗಿ ನನ್ನ ಬುಡಕ್ಕೇ ಬಂತು. ನನ್ನನ್ನು ಐಸಿಯು ಒಳಗೆ ಬಿಡಬಾರದು ಎಂದು ಬಾಗಿಲಲ್ಲಿ ಬರೆಸಿದರು.

ಅಕ್ಕನಿಗೆ ನಾನೇ ಹೇಳಿದೆ. ಅವಳು ಒಂದೇ ಪ್ರಶ್ನೆ ಕೇಳಿದಳು. "ಎರಡು ಕಾಲಿತ್ತಲ್ಲ, ಬಲಗಾಲೇ ಯಾಕೆ?"

ಅದಕ್ಕೆ ಉತ್ತರ ಹೇಳಬೇಕಾದರೆ ನಲ್ಲಿಯ ನೀರಿನಿಂದ ಶುರುಮಾಡಬೇಕಿತ್ತು. ಶುರುಮಾಡಿದೆ. ಹರಿದ ಜೇಬು, ಪೆಟ್ಟಿಗೆಯ ಮೇಲಿಟ್ಟ ಫ್ಯೂಸು, ಗಿರಣಿಯವನು, ನಾನು ಹೇಳಿದ ಸುಳ್ಳು. ಅಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಕೂತಿದ್ದಳು. ಮುಗಿದ ಮೇಲೆ "ಎರಡು ಸಲ ಆಯ್ತು," ಎಂದಳು. ಎದ್ದು ಬೆಂಚಿನ ಇನ್ನೊಂದು ತುದಿಗೆ ಹೋಗಿ ಕೂತಳು. ಹನ್ನೊಂದು ದಿನ ನನ್ನ ಜೊತೆ ಮಾತಾಡಲಿಲ್ಲ. ನಾನು ತಂದಿಟ್ಟ ಊಟದ ಡಬ್ಬಿಯನ್ನು ಮುಟ್ಟದೆ ವಾಪಸು ಕಳಿಸುತ್ತಿದ್ದಳು.

ಹನ್ನೆರಡನೆಯ ದಿನ ಅವಳೇ ಬಂದು, ಕರೀತಿದ್ದಾರೆ, ಹೋಗು ಎಂದಳು.

ಭಾವನನ್ನು ವಾರ್ಡಿಗೆ ಹಾಕಿದ್ದರು. ಕೊಳವೆ ತೆಗೆದಿದ್ದರು, ದನಿ ಒಡೆದಿತ್ತು. ಕಿಟಕಿಯ ಪಕ್ಕ ಎತ್ತರದ ಕುರ್ಚಿಯಲ್ಲಿ ಕೂರಿಸಿದ್ದರು, ಅರ್ಧಕ್ಕರ್ಧ ಇಳಿದುಹೋಗಿದ್ದರು. ಎಡಗಾಲು ನೆಲಕ್ಕೆ ಊರಿಕೊಂಡಿತ್ತು. ಬಲಗಾಲು ಯಾರೋ ಮರೆತು ಹೋದ ಸಾಮಾನಿನ ಹಾಗೆ ಪಕ್ಕಕ್ಕೆ ವಾಲಿತ್ತು. ಅಕ್ಕ ಎಲ್ಲವನ್ನೂ ಹೇಳಿದ್ದಾಳೆ ಎನ್ನುವುದು ಅವರ ಮುಖ ನೋಡಿದಾಗಲೇ ತಿಳಿಯಿತು. ಬೈಯುತ್ತಾರೆ ಎಂದು ಕಾದೆ. ಗಡ್ಡ ಬಿಟ್ಟಿದ್ದೀಯಲ್ಲೋ, ಸನ್ಯಾಸಿ ಆಗ್ತೀಯಾ ಎಂದರು.

ಕರೆಂಟಮ್ಮ ಬಂದಳು. ನನ್ನನ್ನು ಕಂಡು ಬಾಗಿಲಲ್ಲೇ ಒಂದು ಕ್ಷಣ ನಿಂತಳು. ಆಮೇಲೆ ಎರಡೂ ತೊಡೆಗೆ ಪಟ್ಟಿ ಹಚ್ಚಿದಳು. ಈಗ ಕರೆಂಟಿನ ಜೊತೆಗೆ ಅವರೂ ಕಾಲೆತ್ತಲು ಪ್ರಯತ್ನಿಸಬೇಕು, ಎರಡೂ ಸೇರಿದರೆ ಬೇಗ ಹಿಡಿತ ಬರಬಹುದು ಎಂದಳು. ಈ ಸಲದ 'ಬಹುದು' ನನಗೆ ಚುಚ್ಚಲಿಲ್ಲ. ಎಡಗಾಲಿನ ಗುಂಡಿಯನ್ನು ತಾನೇ ಏರಿಸಿ, ಯಂತ್ರವನ್ನು ನನ್ನ ಕೈಗೆ ಕೊಟ್ಟಳು.

"ಬಲಗಾಲಿಂದು ನೀವೇ ಏರಿಸಿ. ಇವರು ಹಾಗೇ ಆಗ್ಬೇಕು ಅಂದಿದಾರೆ. ನಾನು ಪಕ್ಕದಲ್ಲೇ ಇರ್ತೀನಿ."

ಗುಂಡಿಯ ಮೇಲೆ ಬೆರಳಿಟ್ಟೆ. ತಿರುಗಿಸಲಾಗಲಿಲ್ಲ. ಒಂಬತ್ತು ದಿನ ಕಳ್ಳತನದಲ್ಲಿ ಅಷ್ಟು ಸಲೀಸಾಗಿ ತಿರುಗಿಸಿದ ಕೈ, ಈಗ ಎಲ್ಲರ ಎದುರು ಮೊಂಡು ಹಿಡಿಯಿತು. ಅಕ್ಕ ಮಂಚದ ಕಾಲ ಬಳಿ ನಿಂತು ನನ್ನ ಕೈಯನ್ನೇ ನೋಡುತ್ತಿದ್ದಳು.

ಭಾವ ಕೆಮ್ಮಿ ಗಂಟಲು ಸರಿಮಾಡಿಕೊಂಡರು. ಒಡೆದ ದನಿಯಲ್ಲಿ ಕೇಳಿದರು.

"ಫ್ಯೂಸ್ ಎಲ್ಲಿ?"

ನನ್ನ ಬಾಯಿ ಅಭ್ಯಾಸದ ಮೇಲೆ ತೆರೆಯಿತು. ಎಡಗೈ ತಾನಾಗಿ ಜೇಬಿನ ಕಡೆ ಹೋಯಿತು. ಅಲ್ಲೇ ತಡೆದೆ.

"ಜೇಬಲ್ಲಿಲ್ಲ ಭಾವ," ಎಂದೆ. "ಅವತ್ತೂ ಇರ್ಲಿಲ್ಲ."

"ಗೊತ್ತು ಕಣೋ. ಪೆಟ್ಟಿಗೆ ಮೇಲೆ ಬಿಳಿ ಬಿಳಿ ಏನೋ ಕಾಣ್ತಿತ್ತು ಮೇಲಿಂದ." ಉಸಿರು ತೆಗೆದುಕೊಳ್ಳಲು ನಿಲ್ಲಿಸಿದರು. "ನೀನು ಜೇಬಲ್ಲಿ ಅಂದ್ಯಲ್ಲ. ಹಾಗಾದ್ರೆ ಅವು ಹಳೇವು ಇರ್ಬೇಕು ಅಂದ್ಕೊಂಡು ಮುಟ್ಟಿದೆ."

ಕಣ್ಣಿಗೆ ಕಂಡದ್ದನ್ನು ಬಿಟ್ಟು ನನ್ನ ಮಾತನ್ನು ನಂಬಿದ್ದರು ಅವರು. ಆ ಒಂದು ದಿನದಿಂದ ನಾನು ಪ್ರಪಂಚದಲ್ಲಿ ಯಾರನ್ನೂ ನಂಬದವನಾದೆ. ಅವರು ಅದೇ ಕಾಲಿನಲ್ಲಿ ಇನ್ನೂ ಹದಿನಾಲ್ಕು ವರ್ಷ ಕಂಬ ಹತ್ತಿದರು, ಕೆಳಗೆ ನನ್ನನ್ನೇ ನಿಲ್ಲಿಸಿಕೊಂಡು.

"ಈಗ ಎಲ್ಲಿ ಹೇಳು," ಎಂದರು.

"ಹಾಕಿದೀನಿ ಭಾವ. ಲೈನಲ್ಲಿ ಕರೆಂಟಿದೆ."

ಅವರು ಕುರ್ಚಿಯ ಕೈ ಹಿಡಿದುಕೊಂಡು ಬೆನ್ನು ನೆಟ್ಟಗೆ ಮಾಡಿದರು. ಅಕ್ಕ ಬಗ್ಗಿ ಅವರ ಬಲಗಾಲನ್ನು ಎತ್ತಿ, ಎಡಗಾಲಿನ ಪಕ್ಕದಲ್ಲಿ, ನೆಲಕ್ಕೆ ಪಾದ ತಾಗುವ ಹಾಗೆ ಇಟ್ಟಳು. ಎರಡೂ ಕಾಲು ನೆಲಕ್ಕೆ ತಾಗಿದ್ದನ್ನು ಭಾವ ಕಣ್ಣಿನಿಂದ ನೋಡಿ ಖಾತ್ರಿ ಮಾಡಿಕೊಂಡರು.

"ಬಿಡು."

ತಿರುಗಿಸಿದೆ. ಹತ್ತು, ಹನ್ನೆರಡು, ಹದಿನಾರು. ಹದಿನೆಂಟಕ್ಕೆ ಬಂದಾಗ ಕಲೆ ಹಾರಿತು. ನಾನು ಕೈ ತೆಗೆಯಲಿಲ್ಲ.